ದೂರದ ದಾರಿಗೆ ಹಳೆಯ ಮೋಟಾರು ಬೈಕು

ನಮ್ಮ ಕಡೆ ಎತ್ತು ಕೊಳ್ಳುವ ರೈತ ಸಂತೆಗೆ ಹೋದೊಡನೆ ಬೆಲೆ ಕೇಳುವುದಿಲ್ಲ. ಮೊದಲು ತುಸು ದೂರ ನಿಂತು ಎತ್ತು ನಾಲ್ಕು ಕಾಲಿನ ಮೇಲೂ ಸಮನಾಗಿ ನಿಂತಿದೆಯೇ ಎಂದು ನೋಡುತ್ತಾನೆ. ಬಳಿಕ ನಡೆಸಿ ನೋಡುತ್ತಾನೆ. ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ. ಗೊರಸು ಎತ್ತಿ ನೋಡುತ್ತಾನೆ. ಹೆಗಲ ಮೇಲೆ ಕೈಯಾಡಿಸಿ ಹಳೆಯ ಗಾಯದ ಗುರುತನ್ನು ಹುಡುಕುತ್ತಾನೆ. ಇಷ್ಟಾದ ಮೇಲೆಯೇ ದಲಾಲಿಯ ಟವೆಲಿನ ಮರೆಯಲ್ಲಿ ಬೆರಳುಗಳ ವ್ಯವಹಾರ. ಅದೇ ರೈತನ ಮಗ ಹಳೆಯ ಮೋಟಾರು ಬೈಕು ಕೊಳ್ಳಹೋದಾಗ ಬಣ್ಣ ನೋಡುತ್ತಾನೆ, ಸದ್ದು ಕೇಳುತ್ತಾನೆ, ಮುಂಗಡ ಕೊಟ್ಟು ಬರುತ್ತಾನೆ. ತಂದೆಗೆ ಎತ್ತಿನ ವಿಷಯದಲ್ಲಿದ್ದ ಎಚ್ಚರ ಮಗನಿಗೆ ಗಾಡಿಯ ವಿಷಯದಲ್ಲಿ ಏಕಿರಬಾರದು? ಈ ಹೊತ್ತಿನ ನನ್ನ ಮಾತಿನ ತಿರುಳು ಇಷ್ಟೇ: ಹಳೆಯ ಗಾಡಿಯನ್ನು ಕೊಳ್ಳುವವನು ಅದರ ಹೆಸರಿಗಿಂತ ಅದು ಬಾಳಿದ ಬಾಳನ್ನು ಓದಲು ಕಲಿಯಬೇಕು.

ನಾನು ಯಂತ್ರಶಾಸ್ತ್ರದ ಪಂಡಿತನಲ್ಲ. ರೋಣ, ನರಗುಂದ, ಗಜೇಂದ್ರಗಡಗಳ ಸುತ್ತಿನ ರಸ್ತೆಗಳಲ್ಲಿ ಬಹುಕಾಲ ಗಾಡಿ ಓಡಿಸಿದವನು. ಗೆಳೆಯರು ಹಳೆಯ ಗಾಡಿ ಕೊಳ್ಳುವಾಗ ಜತೆಗೆ ಹೋಗಿ ನೋಡಿ ಬಂದವನು. ಈಚೆಗೆ ನಮ್ಮ ಊರುಗಳ ಯುವಕರಲ್ಲಿ ಒಂದು ಹೊಸ ಹುಮ್ಮಸ್ಸು ಕಾಣುತ್ತಿದೆ. ಪಂಢರಪುರಕ್ಕೋ ಶ್ರೀಶೈಲಕ್ಕೋ ಗೋಕರ್ಣಕ್ಕೋ ಗಾಡಿಯ ಮೇಲೆಯೇ ಹೋಗಿಬರಬೇಕೆಂಬ ಆಸೆ ಅವರದು. ಆಸೆ ಒಳ್ಳೆಯದು. ಹೊಸ ದೊಡ್ಡ ಗಾಡಿಯ ಬೆಲೆ ಎಲ್ಲರ ಕೈಗೆ ಎಟುಕುವುದಿಲ್ಲವಾದ್ದರಿಂದ ಹಳೆಯ ಗಾಡಿಯನ್ನು ಹುಡುಕುವುದೂ ಸಹಜ. ಹುಡುಕುವ ಬಗೆಯನ್ನು ಮಾತ್ರ ಕಲಿತುಕೊಳ್ಳಬೇಕು.

ಮೊದಲನೆಯದಾಗಿ, ಎಂಥ ಗಾಡಿ ಬೇಕು? ಎತ್ತುಗಳಲ್ಲಿ ಖಿಲಾರಿ ಚುರುಕು ನಡಿಗೆಗೆ ಹೆಸರಾದರೆ ಕೃಷ್ಣಾ ತೀರದ ತಳಿ ಎರೆಹೊಲದ ಭಾರವಾದ ಉಳುಮೆಗೆ ಹೆಸರಾದದ್ದು. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಿದರೆ ಎರಡೂ ಕೆಡುತ್ತವೆ. ಗಾಡಿಗಳಲ್ಲಿಯೂ ಹಾಗೆಯೇ. ಪಂದ್ಯದ ಗಾಡಿಯ ಮೇಲೆ ಮುಂದಕ್ಕೆ ಬಾಗಿ ಕುಳಿತವನಿಗೆ ಐವತ್ತು ಕಿಲೋಮೀಟರು ಸಾಗುವಷ್ಟರಲ್ಲಿ ಮಣಿಕಟ್ಟು ನೋಯುತ್ತದೆ. ದಿನಬಳಕೆಯ 100 ಸಿ.ಸಿ. ಗಾಡಿ ಪೆಟ್ರೋಲು ಉಳಿಸುತ್ತದೆ. ಆದರೆ ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರಿನ ವೇಗಕ್ಕೆ ಅದು ತನ್ನ ಶಕ್ತಿಯ ಬಹುಪಾಲನ್ನು ಸುರಿಯಬೇಕಾಗುತ್ತದೆ. ದಿನವಿಡೀ ಹಾಗೆ ಓಡಿದ ಯಂತ್ರ ಬೇಗ ಸವೆಯುತ್ತದೆ. ಎದುರಿನ ಲಾರಿಯನ್ನು ದಾಟಬೇಕಾದಾಗ ಉಳಿದ ಶಕ್ತಿ ಏನೂ ಇರುವುದಿಲ್ಲ. ಇವೆರಡರ ನಡುವಿನದು ‘ಸ್ಪೋರ್ಟ್ ಟೂರಿಂಗ್’ ಎಂಬ ವರ್ಗ. ಶಕ್ತಿ ಸಾಕಷ್ಟು, ಕೂರುವ ಭಂಗಿ ಸುಖಕರ, ಎದೆಗೆ ಬಡಿಯುವ ಗಾಳಿಯನ್ನು ತಡೆಯುವ ಮುಂಗವಚ, ಸಾಮಾನು ಕಟ್ಟಲು ಜಾಗ, ದೊಡ್ಡ ಪೆಟ್ರೋಲ್ ಟ್ಯಾಂಕು: ಇವು ಅದರ ಲಕ್ಷಣಗಳು. ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿ 1976ರಲ್ಲಿ ಹೊರತಂದ ‘ಆರ್ 100 ಆರ್‌ಎಸ್’ ಎಂಬ ಗಾಡಿಯ ಮುಂಗವಚವನ್ನು ಗಾಳಿಸುರಂಗದಲ್ಲಿ ಪರೀಕ್ಷಿಸಿ ರೂಪಿಸಲಾಗಿತ್ತು. ಈ ವರ್ಗದ ಹಿರಿಯಣ್ಣನೆಂದು ಅದನ್ನು ಅನೇಕರು ಕರೆಯುತ್ತಾರೆ.

ಅಂಥ ಸಾವಿರ ಸಿ.ಸಿ.ಯ ಗಾಡಿ ನಮಗೆ ಬೇಕಿಲ್ಲ. ನಮ್ಮ ದೇಶದ ಹಳೆಯ ಗಾಡಿಗಳ ಮಾರುಕಟ್ಟೆಯಲ್ಲಿ ಇದರ ಹತ್ತಿರಕ್ಕೆ ಬರುವವು ಹಲವಿವೆ. 2003ರಲ್ಲಿ ಬಂದ 223 ಸಿ.ಸಿ.ಯ ಹೀರೋ ಹೋಂಡಾ ಕರಿಜ್ಮಾ, 2007ರಲ್ಲಿ ಬಂದ ಬಜಾಜ್ ಪಲ್ಸರ್ 220, 2011ರಲ್ಲಿ ಬಂದ ಹೋಂಡಾದ ಸಿ.ಬಿ.ಆರ್. 250 ಆರ್, 2016ರ ಕೊನೆಗೆ ಬಂದ 373 ಸಿ.ಸಿ.ಯ ಬಜಾಜ್ ಡಾಮಿನಾರ್ 400 ಇವು ಹೆಚ್ಚಾಗಿ ಕಣ್ಣಿಗೆ ಬೀಳುವಂಥವು. ರಾಯಲ್ ಎನ್‌ಫೀಲ್ಡ್ ಬುಲೆಟ್ಟಿನ ಗಾಂಭೀರ್ಯವೇ ಬೇರೆ. ಅದು ವೇಗದ ಗಾಡಿಯಲ್ಲ, ನಿಧಾನವಾಗಿ ದೂರ ಸಾಗುವ ಗಾಡಿ. ಇನ್ನು ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿಯನ್ನು ಕಂಡರೆ ಯಾರ ಮನಸ್ಸು ಅರಳದು? ಆದರೆ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. 2022ರಲ್ಲಿ ಅದೇ ಹೆಸರಿನಿಂದ ಬಂದ ಗಾಡಿಗಳು ಬೇರೆಯೇ ಯಂತ್ರದವು. ಹಳೆಯ ಯೆಜ್ಡಿ ಪ್ರೀತಿಯಿಂದ ಸಾಕಿಕೊಳ್ಳುವಂಥದು. ಎರಡು ರಾಜ್ಯ ದಾಟಿ ಹೋಗುವ ಮೊದಲ ಪ್ರವಾಸಕ್ಕೆ ನಂಬಿ ಹೊರಡುವಂಥದಲ್ಲ.

ಈ ಹೆಸರುಗಳಲ್ಲಿ ಯಾವುದು ಶ್ರೇಷ್ಠ ಎಂದು ನನ್ನನ್ನು ಕೇಳಬೇಡಿ. ನಾನು ಮರಳಿ ಕೇಳುವ ಪ್ರಶ್ನೆ ಬೇರೆ: ಈ ಗಾಡಿ ಕುಷ್ಟಗಿಯ ಆಚೆಗೋ ವಿಜಯಪುರದ ಈಚೆಗೋ ಸಂಜೆ ಆರು ಗಂಟೆಗೆ ನಿಂತುಬಿಟ್ಟರೆ ಅಲ್ಲಿ ಅದನ್ನು ಬಿಚ್ಚಿ ಕೂಡಿಸಬಲ್ಲ ಕೈ ಇದೆಯೇ? ಕ್ಲಚ್ ತಂತಿ, ಬ್ರೇಕ್ ಪ್ಯಾಡು, ಚೈನು ಇವು ತಾಲೂಕು ಸ್ಥಳದ ಅಂಗಡಿಯಲ್ಲಿ ಸಿಕ್ಕುತ್ತವೆಯೇ? ಸಾವಿರಾರು ಸಂಖ್ಯೆಯಲ್ಲಿ ಮಾರಾಟವಾದ ಗಾಡಿಗೆ ಈ ಅನುಕೂಲ ಉಂಟು. ಅಪರೂಪದ ಗಾಡಿ ಅಗ್ಗಕ್ಕೆ ಸಿಕ್ಕಿದ್ದರೆ, ಅಗ್ಗವಾಗಲು ಈ ಅನುಕೂಲವಿಲ್ಲದಿರುವುದೇ ಬಹುಮಟ್ಟಿಗೆ ಕಾರಣವಾಗಿರುತ್ತದೆ. ಕೊಳ್ಳುವ ಮುನ್ನ ಗದಗಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಒಂದು ಬಿಡಿಭಾಗದ ಅಂಗಡಿಗೆ ಹೋಗಿ ಆ ಗಾಡಿಯ ನಾಲ್ಕು ಭಾಗಗಳನ್ನು ಕೇಳಿ ನೋಡಿ. ಅಂಗಡಿಯವನ ಮುಖವೇ ಉತ್ತರ ಹೇಳುತ್ತದೆ.

ಇನ್ನು ಗಾಡಿಯ ಪರೀಕ್ಷೆಗೆ ಬರೋಣ. ಎತ್ತಿನ ಹಲ್ಲು ಸುಳ್ಳು ಹೇಳುವುದಿಲ್ಲ. ಗಾಡಿಯ ಮೀಟರು ಹೇಳಬಹುದು. ಓಡಿದ ಕಿಲೋಮೀಟರನ್ನು ಹಿಂದಕ್ಕೆ ತಿರುಗಿಸುವುದು, ಮೀಟರನ್ನೇ ಬದಲಿಸುವುದು ಕಷ್ಟದ ಕೆಲಸವಲ್ಲ. ಆದ್ದರಿಂದ ವಯಸ್ಸನ್ನು ಬೇರೆಡೆ ಓದಬೇಕು. ಕಾಲಿಡುವ ರಬ್ಬರು, ಗೇರು ಹಾಕುವ ಲಿವರಿನ ತುದಿ, ಬ್ರೇಕಿನ ಪೆಡಲು, ಕೈಹಿಡಿ, ಕೀಲಿಯ ಅಂಚು ಇವು ಮನುಷ್ಯನ ಮೈ ತಾಕಿ ಸವೆಯುವ ಜಾಗಗಳು. ಮೀಟರು ಹದಿನೈದು ಸಾವಿರವೆಂದು ಹೇಳುತ್ತಿದ್ದು, ಪೆಡಲು ಕನ್ನಡಿಯಂತೆ ನುಣುಪಾಗಿದ್ದರೆ ಪೆಡಲನ್ನು ನಂಬಿ. ಚೈನಿನ ಹಲ್ಲುಚಕ್ರವನ್ನು ನೋಡಿ: ಹೊಸದರ ಹಲ್ಲು ಎರಡೂ ಕಡೆಗೆ ಒಂದೇ ಸಮ ಇರುತ್ತದೆ, ಸವೆದದ್ದು ಜಾಲಿಯ ಮುಳ್ಳಿನಂತೆ ಒಂದು ಕಡೆಗೆ ಬಾಗಿ ಚೂಪಾಗಿರುತ್ತದೆ. ಹಿಂದಿನ ಚಕ್ರದ ಬಳಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆದಾಗ ಅರ್ಧ ಹಲ್ಲು ಹೊರಗೆ ಕಂಡರೆ ಚೈನಿನ ಆಯುಸ್ಸು ಮುಗಿದಿದೆ ಎಂದೇ ಅರ್ಥ.

ಗಾಡಿ ನೋಡಲು ಬೆಳಗಿನ ಹೊತ್ತು ಹೋಗಿರಿ. ನೀವು ಬರುವ ತನಕ ಚಾಲೂ ಮಾಡಬಾರದೆಂದು ಮೊದಲೇ ಹೇಳಿರಿ. ಹೋದೊಡನೆ ಇಂಜಿನ್ನಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಮಾರುವವರು ಏನನ್ನೋ ಮರೆಸಲು ಬಯಸಿದ್ದಾರೆ ಎಂಬ ಸಂಶಯಕ್ಕೆ ಎಡೆಯುಂಟು. ತಣ್ಣಗಿನ ಇಂಜಿನ್ನು ಚಾಲೂ ಆಗುವಾಗಲೇ ತನ್ನ ರೋಗ ಹೇಳಿಕೊಳ್ಳುತ್ತದೆ. ಹೊಗೆ ನೀಲಿಯಾಗಿದ್ದರೆ ಒಳಗೆ ಎಣ್ಣೆ ಉರಿಯುತ್ತಿದೆ. ಪಿಸ್ಟನ್ನಿನ ಉಂಗುರಗಳೋ ವಾಲ್ವಿನ ಸೀಲುಗಳೋ ಸವೆದಿವೆ. ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆ. ಇದನ್ನು ಸರಿಪಡಿಸುವುದು ಸುಲಭ. ಚಳಿಗಾಲದ ಬೆಳಿಗ್ಗೆ ಕ್ಷಣಕಾಲ ಕಾಣುವ ಬಿಳಿ ಆವಿಗೆ ಹೆದರಬೇಕಿಲ್ಲ.

ನಮ್ಮ ನೆಲಕ್ಕೆ ಸಂಬಂಧಿಸಿದ ಮೂರು ಮಾತುಗಳನ್ನು ಇಲ್ಲಿ ಹೇಳಲೇಬೇಕು. ಇವು ಬೇರೆ ನಾಡಿನ ಪುಸ್ತಕಗಳಲ್ಲಿ ಸಿಕ್ಕುವುದಿಲ್ಲ.

ಒಂದು, ಎರೆಭೂಮಿ. ರೋಣ, ನರಗುಂದಗಳ ಕಪ್ಪು ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿದು ಕುಗ್ಗುತ್ತದೆ. ಅದರ ಮೇಲೆ ಹಾಕಿದ ಡಾಂಬರು ಎಷ್ಟೇ ನುಣುಪಾಗಿದ್ದರೂ ಕೆಲವು ವರ್ಷಗಳಲ್ಲಿ ಅಲೆಯಂತೆ ಏಳುತ್ತದೆ. ಈ ಅಲೆಗಳ ಮೇಲೆ ದಿನವೂ ಓಡಿದ ಗಾಡಿಯ ಮುಂದಿನ ಫೋರ್ಕು, ಹಿಂದಿನ ಶಾಕ್, ಹ್ಯಾಂಡಲಿನ ಬೇರಿಂಗು ಬೇಗ ಸೋಲುತ್ತವೆ. ಮುಂದಿನ ಬ್ರೇಕು ಹಿಡಿದು ಗಾಡಿಯನ್ನು ಒತ್ತಿ ಬಿಡಿ: ಫೋರ್ಕಿನ ಕೊಳವೆಗಳ ಮೇಲೆ ಎಣ್ಣೆಯ ಗೆರೆ ಕಂಡರೆ ಸೀಲು ಹೋಗಿದೆ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿ: ನಡುವೆ ಎಲ್ಲಿಯೋ ‘ಟಕ್’ ಎಂದು ಹಿಡಿದಂತಾದರೆ ಬೇರಿಂಗಿನಲ್ಲಿ ಗುಳಿ ಬಿದ್ದಿದೆ. ಇಂಥ ಗಾಡಿ ಊರೊಳಗೆ ಸುಮ್ಮನಿದ್ದು ಹೆದ್ದಾರಿಯ ವೇಗದಲ್ಲಿ ತೂಗಾಡತೊಡಗುತ್ತದೆ.

ಎರಡು, ಪ್ರವಾಹ. 2009ರ ಅಕ್ಟೋಬರಿನಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹರಿದುದನ್ನು ನಾವು ಮರೆತಿಲ್ಲ. ನರಗುಂದ ತಾಲೂಕಿನ ಕೊಣ್ಣೂರು, ರೋಣ ತಾಲೂಕಿನ ಹೊಳೆಆಲೂರುಗಳಂಥ ಊರುಗಳ ಜನ 2019ರಲ್ಲಿ ಪಟ್ಟ ಪಾಡು ಸಣ್ಣದಲ್ಲ. ಇಂಥ ನೆರೆಯ ನೀರಿನಲ್ಲಿ ಮುಳುಗಿದ ಗಾಡಿಯನ್ನು ತೊಳೆದು ಬಣ್ಣ ಹಚ್ಚಿ ದೂರದ ಊರಿನಲ್ಲಿ ಮಾರಬಹುದು. ಮಾರುವವರನ್ನು ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಎಲ್ಲವನ್ನೂ ಕಳೆದುಕೊಂಡವರು ಉಳಿದುದನ್ನು ಮಾರದೆ ಮತ್ತೇನು ಮಾಡಿಯಾರು? ಆದರೆ ಕೊಳ್ಳುವವನಿಗೆ ತಿಳಿದಿರಬೇಕು. ಸೀಟು ಕಳಚಿ ಕೆಳಗೆ ನೋಡಿ: ವೈರುಗಳ ಜೋಡಣೆಯಲ್ಲಿ ಹಸಿರು ಕಿಲುಬು, ಮೂಲೆಗಳಲ್ಲಿ ಒಣಗಿದ ಸಣ್ಣ ಮಣ್ಣಿನ ಪದರ ಇದ್ದರೆ ಅದು ನೀರು ಕಂಡ ಗಾಡಿ. ಇಂಜಿನ್ ಎಣ್ಣೆಯ ಕಡ್ಡಿಯನ್ನು ಎಳೆದು ನೋಡಿ. ಎಣ್ಣೆ ಹಾಲು ಬೆರೆಸಿದ ಚಹದ ಬಣ್ಣಕ್ಕಿದ್ದರೆ ಅದರಲ್ಲಿ ನೀರು ಸೇರಿದೆ. ಇಂಥ ಗಾಡಿ ಯಾವಾಗ ಎಲ್ಲಿ ನಿಲ್ಲುತ್ತದೆಯೋ ಹೇಳಬರುವುದಿಲ್ಲ.

ಮೂರು, ರಸ್ತೆಯ ಮೇಲಿನ ಒಕ್ಕಣೆ ಮತ್ತು ಬಳ್ಳಾರಿ ಜಾಲಿ. ಹಿಂಗಾರಿ ಸುಗ್ಗಿಯಲ್ಲಿ ಕಡಲೆ, ಕುಸುಬೆ, ಜೋಳದ ತೆನೆಗಳನ್ನು ಡಾಂಬರಿನ ಮೇಲೆ ಹರಡುವ ರೂಢಿ ನಮ್ಮಲ್ಲಿನ್ನೂ ಹೋಗಿಲ್ಲ. ಆ ಹೊಟ್ಟಿನ ಮೇಲೆ ಬ್ರೇಕು ಹಾಕಿದರೆ ಚಕ್ರ ತಿರುಗುವುದನ್ನು ನಿಲ್ಲಿಸಿ ಜಾರುತ್ತದೆ. ಚಕ್ರ ಹೀಗೆ ಬಿಗಿದುಕೊಳ್ಳದಂತೆ ಬ್ರೇಕಿನ ಒತ್ತಡವನ್ನು ಕ್ಷಣಕ್ಷಣವೂ ಬಿಟ್ಟು ಹಿಡಿಯುವ ವ್ಯವಸ್ಥೆಗೆ ಎ.ಬಿ.ಎಸ್. ಎಂದು ಹೆಸರು. 125 ಸಿ.ಸಿ.ಗೆ ಮೇಲ್ಪಟ್ಟ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೂ 2019ರ ಏಪ್ರಿಲ್ 1ರಿಂದ ಇದು ಕಡ್ಡಾಯವಾಯಿತು. ಕೈಯಲ್ಲಿ ಇನ್ನಷ್ಟು ಹಣವಿದ್ದರೆ ಅದನ್ನು ಇಂಜಿನ್ನಿನ ಗಾತ್ರಕ್ಕೆ ಸುರಿಯುವ ಬದಲು ಈ ದಿನಾಂಕದ ಈಚಿನ ಗಾಡಿಗೆ ಸುರಿಯಿರಿ ಎಂಬುದು ನನ್ನ ಸಲಹೆ. ಇನ್ನು ಜಾಲಿಯ ಮುಳ್ಳು. ಟ್ಯೂಬು ಇಲ್ಲದ ಟೈರಿಗೆ ಮುಳ್ಳು ಚುಚ್ಚಿದರೆ ಗಾಳಿ ಮೆಲ್ಲಗೆ ಇಳಿಯುತ್ತದೆ; ಚಕ್ರ ಬಿಚ್ಚದೆಯೇ ಹೊರಗಿನಿಂದ ಬತ್ತಿ ತುರುಕಿ ಮುಂದೆ ಹೋಗಬಹುದು. ಕಡ್ಡಿಯ ಚಕ್ರ ನೋಡಲು ಚೆಂದ. ಆದರೆ ಸಾಮಾನ್ಯವಾಗಿ ಅದರೊಳಗೆ ಟ್ಯೂಬು ಇರುತ್ತದೆ, ಪಂಕ್ಚರ್ ಆದರೆ ಒಮ್ಮೆಲೆ ಗಾಳಿ ಹೋಗುತ್ತದೆ.

ಟೈರಿನ ವಯಸ್ಸನ್ನು ತಿಳಿಯುವುದು ಬಹು ಸುಲಭ. ಅದರ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 3219 ಎಂದಿದ್ದರೆ ಅದು 2019ನೆಯ ಇಸವಿಯ 32ನೆಯ ವಾರದಲ್ಲಿ ತಯಾರಾದ ಟೈರು. ಗೆರೆಗಳು ಆಳವಾಗಿದ್ದರೂ ಐದಾರು ವರ್ಷ ದಾಟಿದ ರಬ್ಬರು ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಗಡುಸಾಗಿರುತ್ತದೆ. ಮಳೆಯಲ್ಲಿ ರಸ್ತೆಯನ್ನು ಹಿಡಿಯುವುದಿಲ್ಲ. ಬ್ರೇಕಿನ ಎಣ್ಣೆ ಜೇನಿನ ತಿಳಿಬಣ್ಣದಿಂದ ಕಪ್ಪು ಬಣ್ಣಕ್ಕೆ ತಿರುಗಿದ್ದರೆ ಅದನ್ನು ಬಹುಕಾಲ ಬದಲಿಸಿಲ್ಲ ಎಂದು ಅರ್ಥ. ಅಂಥ ಎಣ್ಣೆ ನೀರನ್ನು ಹೀರಿಕೊಂಡಿರುತ್ತದೆ. ಘಟ್ಟದ ದೀರ್ಘ ಇಳುಕಲಿನಲ್ಲಿ ಕಾದು ಕುದಿದು ಬ್ರೇಕನ್ನು ಕೈಕೊಡುವಂತೆ ಮಾಡುತ್ತದೆ.

ಬಿದ್ದೆದ್ದ ಗಾಡಿಯನ್ನು ಗುರುತಿಸಲು ಗೌಂಡಿಯ ದಾರವೊಂದು ಸಾಕು. ಹ್ಯಾಂಡಲನ್ನು ನೆಟ್ಟಗೆ ನಿಲ್ಲಿಸಿ, ಹಿಂದಿನ ಟೈರಿನ ಎರಡು ಅಂಚುಗಳನ್ನೂ ತಾಕುವಂತೆ ದಾರವನ್ನು ಮುಂದಿನ ಚಕ್ರದ ತನಕ ಬಿಗಿಯಾಗಿ ಎಳೆಯಿರಿ, ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಮುಂದಿನ ಟೈರು ಸಣ್ಣದಾದ್ದರಿಂದ ದಾರಕ್ಕೂ ಅದಕ್ಕೂ ನಡುವೆ ಸಂದು ಉಳಿಯುತ್ತದೆ. ಎರಡೂ ಕಡೆಯ ಸಂದು ಸಮನಾಗಿದ್ದರೆ ಚಕ್ರಗಳು ಒಂದೇ ಗೆರೆಯಲ್ಲಿವೆ. ಸಮನಾಗಿಲ್ಲದಿದ್ದರೆ ಹಿಂದಿನ ಚಕ್ರವನ್ನು ಓರೆಯಾಗಿ ಬಿಗಿದಿರಬಹುದು, ಇಲ್ಲವೇ ಫೋರ್ಕೋ ಚಾಸಿಯೋ ಬಾಗಿರಬಹುದು. ಚಾಸಿ ಬಾಗಿದ ಗಾಡಿಯನ್ನು ಉಚಿತವಾಗಿ ಕೊಟ್ಟರೂ ದೂರದ ದಾರಿಗೆ ತೆಗೆದುಕೊಳ್ಳಬಾರದು.

ಪೆಟ್ರೋಲಿನ ವಿಷಯವೂ ಈಗ ಬದಲಾಗಿದೆ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು ಸಾಮಾನ್ಯವಾಯಿತು. ಎಥೆನಾಲ್ ಗಾಳಿಯ ತೇವವನ್ನು ಸೆಳೆಯುತ್ತದೆ. ಅದಕ್ಕೆಂದು ತಯಾರಾಗದ ಹಳೆಯ ರಬ್ಬರಿನ ಕೊಳವೆಗಳನ್ನು ಕಾಲಕ್ರಮದಲ್ಲಿ ಕೆಡಿಸುತ್ತದೆ. ತಿಂಗಳುಗಟ್ಟಲೆ ನಿಂತಿದ್ದ ಹಳೆಯ ಗಾಡಿಯಾದರೆ ಟ್ಯಾಂಕಿನ ಮುಚ್ಚಳ ತೆರೆದು ಬೆಳಕು ಹಿಡಿದು ತುಕ್ಕು ಇದೆಯೇ ನೋಡಿ. ಕೊಂಡ ಮೇಲೆ ಪೆಟ್ರೋಲಿನ ಕೊಳವೆಗಳನ್ನು ಹೊಸದಾಗಿ ಹಾಕಿಸಿ. ಇದಕ್ಕೆ ತಗಲುವ ಖರ್ಚು ಅಲ್ಪ.

ಇಷ್ಟೆಲ್ಲ ಕಬ್ಬಿಣ ಮತ್ತು ರಬ್ಬರಿನ ಮಾತಾಯಿತು. ಇವುಗಳಿಗಿಂತ ಹೆಚ್ಚು ಮನೆಗಳನ್ನು ಹಾಳುಮಾಡುವುದು ಕಾಗದ. ನಮ್ಮ ಹಳ್ಳಿಗಳಲ್ಲಿ ಹಳೆಯ ಗಾಡಿ ಕೈಬದಲಾಗುವ ರೀತಿ ತಮಗೆ ಗೊತ್ತು. ಮಾರುವವನು ಖಾಲಿ ಫಾರಮ್ಮಿನ ಮೇಲೆ ಸಹಿ ಹಾಕಿ ಕೊಡುತ್ತಾನೆ. ಕೊಂಡವನು ಅದನ್ನು ಪೆಟ್ಟಿಗೆಯಲ್ಲಿ ಇಡುತ್ತಾನೆ. ಎರಡು ವರ್ಷದ ಮೇಲೆ ಗಾಡಿಯೂ ಫಾರಮ್ಮೂ ಮೂರನೆಯವನ ಕೈ ಸೇರುತ್ತವೆ. ಸರ್ಕಾರದ ದಾಖಲೆಯಲ್ಲಿ ಮಾತ್ರ ಮೊದಲನೆಯವನ ಹೆಸರೇ ಉಳಿಯುತ್ತದೆ. ಕೈಯಿಂದ ಕೈಗೆ ಹೀಗೆಯೇ ಮಾರಾಟವಾಗಿ ಕೊನೆಗೆ ಒಂದು ಜೀವವನ್ನು ಬಲಿತೆಗೆದುಕೊಂಡ ಕಾರಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿತು: ನೋಂದಣಿ ಯಾರ ಹೆಸರಿನಲ್ಲಿದೆಯೋ ಕಾನೂನಿನ ಕಣ್ಣಿಗೆ ಅವನೇ ಮಾಲೀಕ, ಪರಿಹಾರದ ಹೊಣೆಯೂ ಅವನದೇ. ಎಂದೋ ಮಾರಿ ಮರೆತ ಗಾಡಿಯ ಅಪಘಾತಕ್ಕೆ ಇಂದು ಎರಡೆಕರೆ ಹೊಲ ಮಾರಬೇಕಾದೀತು ಎಂಬುದನ್ನು ಮಾರುವವರು ತಿಳಿಯಬೇಕು. ಕೊಳ್ಳುವವನಿಗೂ ಇದರಲ್ಲಿ ಕೇಡೇ ಇದೆ. ಹೆಸರು ಬದಲಿಸಿಕೊಳ್ಳದವನಿಗೆ ತನ್ನ ಗಾಡಿ ಕಳುವಾದರೂ ಮುರಿದರೂ ವಿಮೆಯ ಹಣ ಕೇಳುವ ದಾರಿ ಮುಚ್ಚಿದಂತೆಯೇ.

ಕಾನೂನು ಕೇಳುವುದು ಬಹಳವೇನೂ ಅಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 50ನೆಯ ಕಲಮಿನ ಪ್ರಕಾರ, ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ನೋಂದಣಿ ಕಚೇರಿಗೆ ವರದಿ ಮಾಡಬೇಕು. ಇದಕ್ಕೆ 29 ಮತ್ತು 30ನೆಯ ನಮೂನೆಗಳಿವೆ. ಗಾಡಿಯ ಮೇಲೆ ಸಾಲವಿದ್ದಿದ್ದರೆ ಅದು ತೀರಿದೆ ಎಂಬ 35ನೆಯ ನಮೂನೆ ಮತ್ತು ಬ್ಯಾಂಕಿನ ಪತ್ರ ಬೇಕು. ಬೇರೆ ನೋಂದಣಿ ಕಚೇರಿಯ ವ್ಯಾಪ್ತಿಯಿಂದ ಬಂದ ಗಾಡಿಯಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರ, ಎಂದರೆ 28ನೆಯ ನಮೂನೆ, ಬೇಕಾಗಬಹುದು. ನೋಂದಣಿ ಪುಸ್ತಕದ ಚಾಸಿ ಸಂಖ್ಯೆಯನ್ನು ಗಾಡಿಯ ಮೇಲೆ ಕೊರೆದ ಸಂಖ್ಯೆಯೊಡನೆ ಅಂಕಿ ಅಂಕಿ ಹೋಲಿಸಿ ನೋಡಿ. ಅಂಕಿಗಳ ಸುತ್ತ ಅರ ತಿಕ್ಕಿದ ಗುರುತಿದ್ದರೆ ಮಾತು ಬೆಳೆಸದೆ ಹಿಂದಿರುಗಿ ಬನ್ನಿ. ನೋಂದಣಿಯ ಅವಧಿ 15 ವರ್ಷ. ಅದರ ಅಂಚಿನಲ್ಲಿರುವ ಗಾಡಿಗೆ ಐದು ವರ್ಷಗಳ ನವೀಕರಣದ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಾಕಿ ಉಳಿದ ದಂಡ, ವಿಮೆಯ ಅವಧಿ, ಸಾಲದ ನಮೂದು ಇವನ್ನೆಲ್ಲ ಕೇಂದ್ರ ಸರ್ಕಾರದ ‘ಪರಿವಾಹನ್’ ವ್ಯವಸ್ಥೆಯಲ್ಲಿ ಕುಳಿತಲ್ಲಿಯೇ ಫೋನಿನಲ್ಲಿ ನೋಡಬಹುದು. ಹಣ ಪೂರ್ತಿ ಕೊಡುವ ದಿನ ಮಾರುವವರನ್ನೂ ಕರೆದುಕೊಂಡು ಹೋಗಿ ಅರ್ಜಿ ಸಲ್ಲಿಸಿಬಿಡಿ. ನಮ್ಮ ಜಿಲ್ಲೆಯ ಗಾಡಿಯ ಮೇಲೆ ಕೆ.ಎ. 26 ಎಂದಿರುತ್ತದೆ; ಅದರ ಕಚೇರಿ ಗದಗಿನಲ್ಲಿದೆ. ರೋಣದಿಂದಾಗಲಿ ಗಜೇಂದ್ರಗಡದಿಂದಾಗಲಿ ಒಂದು ದಿನದ ಕೆಲಸ. ಆ ಒಂದು ದಿನದ ಸೋಮಾರಿತನಕ್ಕೆ ಎರಡು ಮನೆಗಳು ಬೆಲೆ ತೆರುವಂತಾಗಬಾರದು.

ಬೆಲೆಯ ಬಗ್ಗೆ ಒಂದೇ ಮಾತು. ಕೈಯಲ್ಲಿರುವ ಹಣವನ್ನೆಲ್ಲ ಗಾಡಿಗೇ ಸುರಿಯಬೇಡಿ. ಐದರಲ್ಲಿ ಒಂದು ಪಾಲನ್ನು ಬದಿಗಿಡಿ. ಟೈರು, ಚೈನು, ಬ್ರೇಕಿನ ಪ್ಯಾಡು, ಎಣ್ಣೆ, ಬ್ಯಾಟರಿ ಇವು ಬೇಗನೆ ನಿಮ್ಮ ಮುಂದೆ ಬಂದು ನಿಲ್ಲುತ್ತವೆ. ನಿಮಗೂ ಹಿಂದೆ ಕೂರುವವರಿಗೂ ಐ.ಎಸ್.ಐ. ಗುರುತಿನ ಒಳ್ಳೆಯ ಶಿರಸ್ತ್ರಾಣಗಳಿಗೂ ಅದರಲ್ಲಿ ಪಾಲಿರಲಿ. ಹಾಗೆಯೇ ಗಾಡಿಯ ತೂಕವನ್ನು ಮರೆಯಬೇಡಿ. ಡಾಮಿನಾರಿನಂಥ ಗಾಡಿ 180 ಕಿಲೋಗಿಂತ ಹೆಚ್ಚು ತೂಗುತ್ತದೆ. ಎರಡೂ ಪಾದ ನೆಲಕ್ಕೆ ಸರಿಯಾಗಿ ತಾಕದವನು ಮಳೆಗಾಲದ ಎರೆಯ ಕೆಸರಿನಲ್ಲಿ ಅದನ್ನು ನಿಲ್ಲಿಸಲಾರ, ಬಿದ್ದರೆ ಒಬ್ಬನೇ ಎತ್ತಲಾರ.

ಗಾಡಿ ಮನೆಗೆ ಬಂದ ವಾರವೇ ಶ್ರೀಶೈಲಕ್ಕೆ ಹೊರಡುವ ಅವಸರ ಬೇಡ. ಮೊದಲು ಒಂದು ದಿನದ ಸುತ್ತು ಹೋಗಿ. ದೂರದ ಪ್ರವಾಸಕ್ಕೆ ಕಟ್ಟುವಷ್ಟೇ ಸಾಮಾನನ್ನು ಕಟ್ಟಿ, ಹಿಂದೆ ಕೂರುವವರಿದ್ದರೆ ಅವರನ್ನೂ ಕೂರಿಸಿಕೊಂಡು, ರೋಣದಿಂದ ಬಾದಾಮಿ, ಅಲ್ಲಿಂದ ಪಟ್ಟದಕಲ್ಲು, ಐಹೊಳೆ ನೋಡಿ, ಸೂಡಿಯ ನಾಗಕುಂಡದ ಬಳಿ ತುಸು ವಿಶ್ರಮಿಸಿ, ಗಜೇಂದ್ರಗಡದ ಕಾಲಕಾಲೇಶ್ವರನ ಗುಡ್ಡದ ತನಕ ಹೋಗಿ ಬನ್ನಿ. ಇದರಲ್ಲಿ ಬಯಲಿದೆ, ಗುಡ್ಡವಿದೆ, ಎರೆಯ ಅಲೆಯ ರಸ್ತೆಯೂ ಇದೆ. ಮರುದಿನ ಬೆಳಿಗ್ಗೆ ಗಾಡಿ ನಿಂತಿದ್ದ ಜಾಗವನ್ನು ನೋಡಿ: ನೆಲದ ಮೇಲೆ ಎಣ್ಣೆಯ ಹನಿ ಬಿದ್ದಿದೆಯೇ? ಚೈನು ಸಡಿಲವಾಗಿದೆಯೇ? ಯಾವ ನಟ್ಟು ಕಳಚಿದೆ? ನಿಮ್ಮ ಬೆನ್ನು ಏನು ಹೇಳುತ್ತಿದೆ? ದೋಷಗಳೇನಿದ್ದರೂ ಅವು ಮನೆಯ ಹತ್ತಿರವೇ ಕಾಣಿಸಿಕೊಳ್ಳಲಿ. ಇಂಥ ನಾಲ್ಕು ಸುತ್ತು ಮುಗಿಸಿ, ಕಂಡದ್ದನ್ನೆಲ್ಲ ಸರಿಪಡಿಸಿಕೊಂಡ ಮೇಲೆ ನೀವು ಹೊಸಿಲು ದಾಟಿ ದೂರಕ್ಕೆ ಹೊರಟರೆ, ಮನೆಯಲ್ಲಿ ಉಳಿದವರು ರಾತ್ರಿ ನೆಮ್ಮದಿಯಿಂದ ಮಲಗಬಹುದು.